ಲೈನ್ ಮನೆಯ ಕೂಲಿ ಲೆಕ್ಕದಲ್ಲಿ ಧರ್ಮಗುರುಗಳಿಗೇನು ಕೆಲಸ?

ಪ್ರಶ್ನೆ: ನಮ್ಮದು ಕೊಡಗಿನ ವಿರಾಜಪೇಟೆ ಕಡೆಯ ಒಂದು ಕಥೋಲಿಕ ಧರ್ಮಕೇಂದ್ರ. ಭಾನುವಾರದ ಪೂಜೆಗೆ ತೋಟದ ಮಾಲೀಕರೂ ಬರುತ್ತಾರೆ, ಅವರದೇ ಲೈನ್ ಮನೆಗಳಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಕಾರ್ಮಿಕರೂ ಬರುತ್ತಾರೆ. ಕೊಯ್ಲಿನ ಕೂಲಿ, ಮುಂಗಡದ ಸಾಲ, ಸೋರುವ ಮನೆ, ಇವುಗಳ ಬಗ್ಗೆ ಫಾದರ್ ಮಾತಾಡಬೇಕೆಂದು ನಾವು ಕೆಲವು ಯುವಕರು ಕೇಳುತ್ತಿದ್ದೇವೆ. ಹಿರಿಯರು "ಪೂಜೆ ಮಾಡುವವರಿಗೆ ಯೂನಿಯನ್ ಕೆಲಸ ಯಾಕೆ?" ಅನ್ನುತ್ತಾರೆ. ಧರ್ಮಸಭೆಯ ನಿಯಮ ಏನು ಹೇಳುತ್ತದೆ? ಬೇರೆ ಕಡೆ ಗುರುಗಳು ಇಂಥ ಕೆಲಸ ಹೇಗೆ ಮಾಡಿದ್ದಾರೆ? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಫಾದರ್ ಮಾತಾಡಬಹುದು, ಮಾತಾಡಲೇಬೇಕು. ಆದರೆ ಯೂನಿಯನ್ನಿನ ಅಧ್ಯಕ್ಷರಾಗಿ ಕೂರುವುದು ಅವರ ಕೆಲಸವಲ್ಲ; ಅದಕ್ಕೆ ಧರ್ಮಸಭೆಯ ಕಾನೂನೇ ಅಡ್ಡ ಬರುತ್ತದೆ. ನಿಮ್ಮ ಹಿರಿಯರ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ. ಈ ಎರಡರ ನಡುವೆ ದೊಡ್ಡ ಜಾಗವಿದೆ. ನೂರೈವತ್ತು ವರ್ಷಗಳಿಂದ ಅನೇಕ ಗುರುಗಳು ಅಲ್ಲಿ ಕೆಲಸ ಮಾಡಿದ್ದಾರೆ. ಅವರಲ್ಲಿ ಯಾರು ಲೆಕ್ಕದ ಪುಸ್ತಕ, ಕಾನೂನಿನ ತಿಳುವಳಿಕೆ, ಉಳಿತಾಯದ ಹಣ ಈ ಮೂರನ್ನೂ ಕಾರ್ಮಿಕರ ಕೈಗೇ ಕೊಟ್ಟು ಹಿಂದೆ ಸರಿದರೋ ಅವರ ಕೆಲಸ ಉಳಿಯಿತು. ತಾವೇ ಮುಂದೆ ನಿಂತವರ ಕೆಲಸ ಬಹುಪಾಲು ಅವರೊಂದಿಗೇ ಮುಗಿಯಿತು.

ಮೊದಲು ಬೋಧನೆಯ ವಿಚಾರ. 1891ರ ಮೇ 15ರಂದು ಪೋಪ್ 13ನೇ ಲಿಯೋ ಹೊರಡಿಸಿದ 'ರೇರುಂ ನೊವಾರುಂ' ಎಂಬ ವಿಶ್ವಪತ್ರ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಬೋಧನೆಯ ಪತ್ರ) ಕಾರ್ಮಿಕರ ಸ್ಥಿತಿಗತಿಯ ಬಗ್ಗೆಯೇ ಬರೆದದ್ದು. ಸಂಘ ಕಟ್ಟುವ ಹಕ್ಕು, ವಾರದ ರಜೆ, ಮಕ್ಕಳ ದುಡಿಮೆಗೆ ಕಡಿವಾಣ ಎಲ್ಲವೂ ಅದರಲ್ಲಿವೆ. ಕೊಡಗಿನ ಮಟ್ಟಿಗೆ ತುಂಬ ಮುಖ್ಯವಾದದ್ದು ಕೂಲಿಯ ಒಪ್ಪಂದದ ಬಗ್ಗೆ ಅದು ಹೇಳುವ ಮಾತು. ಇಬ್ಬರೂ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯದ್ದಾಗುವುದಿಲ್ಲ. ಮಿತವಾಗಿ ಬಾಳುವ ದುಡಿಮೆಗಾರನ ಬದುಕಿಗೆ ಅದು ಸಾಲಬೇಕು. ಗತಿಯಿಲ್ಲದೆ ಅಥವಾ ಇನ್ನೂ ಕೆಟ್ಟದ್ದಾದೀತೆಂಬ ಹೆದರಿಕೆಯಿಂದ ಒಬ್ಬ ಕಡಿಮೆಗೆ ಒಪ್ಪಿದರೆ ಅವನು ಬಲವಂತಕ್ಕೆ ಮತ್ತು ಅನ್ಯಾಯಕ್ಕೆ ಬಲಿಯಾದಂತೆ. "ಅವನೇ ಒಪ್ಪಿ ಮುಂಗಡ ತಗೊಂಡಿದ್ದಾನೆ, ನಾವೇನು ಕರೆದಿದ್ದೇವಾ" ಎಂಬ ಮಾತನ್ನು ತೋಟಗಳಲ್ಲಿ ಯಾರೂ ಕೇಳದೆ ಇಲ್ಲ. ಅದಕ್ಕೆ 1891ರಲ್ಲೇ ಉತ್ತರ ಬರೆದಿಟ್ಟಾಗಿದೆ.

ಆಮೇಲಿನ ಪತ್ರಗಳಲ್ಲಿ ಎರಡನ್ನು ನೆನಪಿಡಿ. 1931ರ 'ಕ್ವಾದ್ರಾಜೆಸಿಮೊ ಆನ್ನೊ' ಕೂಲಿ ಇಡೀ ಕುಟುಂಬಕ್ಕೆ ಸಾಲಬೇಕೆಂದಿತು. 1981ರ 'ಲಬೋರೆಂ ಎಕ್ಸೆರ್ಚೆನ್ಸ್'ನಲ್ಲಿ ಪೋಪ್ 2ನೇ ಜಾನ್ ಪಾಲ್ ನೇರ ಧಣಿಯ ಜೊತೆಗೆ ಪರೋಕ್ಷ ಧಣಿಯನ್ನೂ ಲೆಕ್ಕಕ್ಕೆ ತಂದರು. ದುಡಿಮೆಯ ಷರತ್ತುಗಳನ್ನು ಹೊರಗಿನಿಂದ ನಿರ್ಧರಿಸುವ ಸರ್ಕಾರ, ಸಂಸ್ಥೆಗಳು, ವ್ಯವಸ್ಥೆ ಎಲ್ಲವೂ ಪರೋಕ್ಷ ಧಣಿಯ ಜಾಗದಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಕಾರ್ಮಿಕರನ್ನು ಕರೆತರುವ ಮೇಸ್ತ್ರಿ, ಕಮಿಷನ್ ಹಿಡಿಯುವ ಏಜೆಂಟ್, ಕಾಫಿಗೆ ದರ ಕಟ್ಟುವ ವ್ಯಾಪಾರಿ ಎಲ್ಲರೂ ಈ ಚಿತ್ರದೊಳಗೆ ಬರುತ್ತಾರೆ. ತೋಟದ ಮಾಲೀಕನೊಬ್ಬನನ್ನೇ ಬೈದರೆ ಚಿತ್ರ ಅರ್ಧ ಮಾತ್ರ ಕಾಣುತ್ತದೆ.

ಈಗ ಮಾಡಿದವರ ಕಡೆ ಬರೋಣ. ಜರ್ಮನಿಯ ಮೈಂಜ್ ನಗರದ ಬಿಷಪ್ ಕೆಟ್ಟೆಲರ್ 1864ರಲ್ಲಿ ಕಾರ್ಮಿಕರ ಪ್ರಶ್ನೆಯ ಬಗ್ಗೆ ಬರೆದಾಗ, ಭಕ್ತರ ದೇಣಿಗೆಯಿಂದ ಕಾರ್ಮಿಕರ ಉತ್ಪಾದನಾ ಸಹಕಾರ ಸಂಘಗಳನ್ನು ಕಟ್ಟಬಹುದೆಂದು ನಂಬಿದ್ದರು. ಆಗಲಿಲ್ಲ. 1869ರ ಹೊತ್ತಿಗೆ ಅವರು ಸಾವಿರಾರು ಕಾರ್ಮಿಕರ ಮುಂದೆ ನಿಂತು ಕೂಲಿ ಹೆಚ್ಚಳ, ಕಡಿಮೆ ಗಂಟೆ, ರಜೆ, ಮಕ್ಕಳ ದುಡಿಮೆಗೆ ನಿಷೇಧ ಇವನ್ನು ಹಕ್ಕಾಗಿ ಕೇಳಿದರು, ಕಾನೂನಿನ ರಕ್ಷಣೆಯನ್ನೂ ಬಯಸಿದರು. ದಾನದಿಂದ ಹಕ್ಕಿನ ಕಡೆಗೆ ಅವರು ಇಟ್ಟ ಆ ಹೆಜ್ಜೆ ಇಡೀ ಪರಂಪರೆಯ ದಿಕ್ಕನ್ನೇ ಬದಲಿಸಿತು. ನಮ್ಮ ಬಹುತೇಕ ಧರ್ಮಕೇಂದ್ರಗಳು ಇನ್ನೂ ಅವರ 1864ರ ಜಾಗದಲ್ಲೇ ನಿಂತಿವೆ. ಕ್ರಿಸ್ಮಸ್‌ಗೆ ಕಂಬಳಿ, ಶಾಲೆ ಶುರುವಾದಾಗ ಪುಸ್ತಕ, ಅಷ್ಟೇ. ಕಂಬಳಿ ಬೇಡವೆನ್ನುತ್ತಿಲ್ಲ. ಕೂಲಿ ಸರಿಯಾಗಿ ಸಿಕ್ಕವನಿಗೆ ಕಂಬಳಿಯನ್ನು ತಾನೇ ಕೊಳ್ಳಲು ಬರುತ್ತದೆ.

ಮಧ್ಯಸ್ಥಿಕೆಯ ದೊಡ್ಡ ಉದಾಹರಣೆ ಲಂಡನ್ನಿನ ಕಾರ್ಡಿನಲ್ ಮ್ಯಾನಿಂಗ್. 1889ರ ಆಗಸ್ಟಿನಲ್ಲಿ ಅಲ್ಲಿನ ಬಂದರು ಕೂಲಿಗಳು ಗಂಟೆಗೆ 6 ಪೆನ್ಸ್ ಬೇಕೆಂದು ಮುಷ್ಕರ ಹೂಡಿದರು. ಅವರಲ್ಲಿ ಐರಿಷ್ ಕಥೋಲಿಕರು ಬಹಳ. ಮ್ಯಾನಿಂಗ್‌ಗೆ ಆಗ 81 ವರ್ಷ. ಬಂದರಿನ ಆಡಳಿತದವರನ್ನೂ ಮುಷ್ಕರ ಸಮಿತಿಯನ್ನೂ ಬೇರೆಬೇರೆಯಾಗಿ ಕಂಡು, ಹೊಸ ದರ ಯಾವ ತಾರೀಕಿನಿಂದ ಜಾರಿಯಾಗಬೇಕೆಂಬ ಒಂದೇ ಗಂಟನ್ನು ಬಿಡಿಸುವುದಕ್ಕೆ ತಮ್ಮ ಶಕ್ತಿಯನ್ನೆಲ್ಲ ಹಾಕಿದರು. ಕೊನೆಗೆ ನವೆಂಬರ್ 4 ಎಂದು ಒಪ್ಪಂದವಾಯಿತು. ಬೇಡಿಕೆ ಕಾರ್ಮಿಕರದು, ಸಹಿಯೂ ಅವರದು. ಇಬ್ಬರೂ ನಂಬುವ ಮನುಷ್ಯನಾಗಿ ಅವರು ನಡುವೆ ಓಡಾಡಿದರು.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅಮೆರಿಕದ ಒರೆಗಾನ್ ರಾಜ್ಯದ ಕಥೆ. ಪೋರ್ಟ್‌ಲ್ಯಾಂಡಿನ ಧರ್ಮಗುರು ಎಡ್ವಿನ್ ಒಹಾರ ಕನಿಷ್ಠ ಕೂಲಿಯ ಕಾನೂನು ಬೇಕೆಂದು ಹೊರಟಾಗ ಮೊದಲು ಮಾಡಿಸಿದ್ದು ಸಮೀಕ್ಷೆ. 1912ರಲ್ಲಿ ಕ್ಯಾರೊಲಿನ್ ಗ್ಲೀಸನ್ ಎಂಬ ಮಹಿಳೆಯ ಮುಂದಾಳುತನದಲ್ಲಿ ದುಡಿಯುವ ಹೆಂಗಸರ ಕೂಲಿ, ಬಾಡಿಗೆ, ಊಟದ ಖರ್ಚನ್ನು ಮನೆ ಮನೆಗೂ ಕಾರ್ಖಾನೆಗಳಿಗೂ ಹೋಗಿ ದಾಖಲಿಸಲಾಯಿತು. ಆ ಅಂಕಿಗಳ ಬಲದಿಂದ 1913ರಲ್ಲಿ ಕಾನೂನು ಬಂತು. ಅದನ್ನು ಜಾರಿಗೆ ತರುವ ಆಯೋಗಕ್ಕೆ ಒಹಾರ ಅವರೇ ಅಧ್ಯಕ್ಷರಾದರು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 1917ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರು ಸಮಸಮ ಹಂಚಿಹೋದದ್ದರಿಂದ ಕೆಳಗಿನ ತೀರ್ಪು ಉಳಿದು ಕಾನೂನು ಗೆದ್ದಿತು. ಪೂಜೆಯಲ್ಲಿ ಗುರುಗಳು ಮಾಡುವ ಪ್ರಬೋಧನೆಯನ್ನು ತಳ್ಳಿಹಾಕುವುದು ಸುಲಭ, ಖರ್ಚು ವೆಚ್ಚದ ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ.

ಭಾರತದಲ್ಲಿ ಇದಕ್ಕೆ ಸಾಟಿಯಾಗಿ ಈಗಿನ ಜಾರ್ಖಂಡಿನ ಛೋಟಾನಾಗಪುರದ ಕೆಲಸವಿದೆ. ಬೆಲ್ಜಿಯಂನ ಜೆಸ್ವಿತ್ ಗುರು ಕಾನ್‌ಸ್ಟಂಟ್ ಲೀವನ್ಸ್ 1885ರ ನಂತರ ತೋರ್ಪಾದಲ್ಲಿ ಭೂಕಾನೂನು ಕಲಿತು, ಬಿಟ್ಟಿ ದುಡಿಮೆ ಮತ್ತು ಭೂಮಿಯ ಮೊಕದ್ದಮೆಗಳಲ್ಲಿ ಮುಂಡಾ ಜನರ ಪರ ನಿಂತರು. ಜನ ಗುಂಪುಗುಂಪಾಗಿ ಧರ್ಮಸಭೆಗೆ ಸೇರಿದರು. ಮೊಕದ್ದಮೆಗೆ ನೆರವು ಮತ್ತು ದೀಕ್ಷೆ ಎರಡೂ ಒಂದರೊಳಗೊಂದು ಬೆರೆತದ್ದರಿಂದ ಅಂದಿನಿಂದಲೂ ಟೀಕೆ ತಪ್ಪಿಲ್ಲ, ಆ ಟೀಕೆಯಲ್ಲಿ ಹುರುಳಿದೆ. ಅವರ ನಂತರ ಬಂದ ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಇನ್ನೊಂದು ದಾರಿ ಹಿಡಿದರು. ಮುಂಡಾರಿ ಭಾಷೆಯನ್ನೂ ಭೂಮಿಯ ರೂಢಿಗಳನ್ನೂ ಆಳವಾಗಿ ದಾಖಲಿಸಿದರು. ಆ ತಿಳುವಳಿಕೆ 1908ರ ಛೋಟಾನಾಗಪುರ ಗೇಣಿ ಕಾಯ್ದೆಯೊಳಗೆ ಸೇರಿತು. ಆದಿವಾಸಿ ಭೂಮಿಯ ಪರಭಾರೆಯನ್ನು ತಡೆಯುವ ಆ ಕಾಯ್ದೆಯನ್ನು ಇವತ್ತಿಗೂ ಜಾರ್ಖಂಡಿನವರು ಬಿಟ್ಟುಕೊಡುವುದಿಲ್ಲ. ಮರುವರ್ಷವೇ, 1909ರಲ್ಲಿ, ಅವರು ಸಹಕಾರಿ ಸಾಲ ಸಂಘ ಶುರು ಮಾಡಿದರು. ಕಾನೂನು ಭೂಮಿಯನ್ನು ಕಾಯಬಹುದು, ಆದರೆ ಮಗಳ ಮದುವೆಗೆ ಲೇವಾದೇವಿಗಾರನ ಮುಂದೆ ಕೈಚಾಚುವುದನ್ನು ಅದು ತಪ್ಪಿಸಲಾರದು ಎಂಬುದು ಅವರಿಗೆ ಗೊತ್ತಿತ್ತು. ಮೊದಲ ಮಹಾಯುದ್ಧದಲ್ಲಿ, ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಹಾಫ್‌ಮನ್‌ರನ್ನು ದೇಶದಿಂದ ಹೊರಗೆ ಕಳಿಸಲಾಯಿತು. ಕಾಯ್ದೆಯೂ ಸಂಘವೂ ಇಲ್ಲಿಯೇ ಉಳಿದವು.

ಸ್ಪೇನಿನ ಮೊಂದ್ರಾಗೋನ್ ಕೂಡ ಇದೇ ಜಾತಿಯದು. ಧರ್ಮಗುರು ಅರಿಸ್ಮೆಂದಿಯಾರಿಯೆತಾ 1943ರಲ್ಲಿ ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಐವರು 1956ರಲ್ಲಿ ಕಾರ್ಮಿಕರೇ ಒಡೆಯರಾದ ಕಾರ್ಖಾನೆ ಕಟ್ಟಿದರು. 1959ರಲ್ಲಿ ಅವರದೇ ಬ್ಯಾಂಕ್ ಬಂತು. ಗುರುಗಳು ಯಾವ ಹುದ್ದೆಯನ್ನೂ ಹಿಡಿಯಲಿಲ್ಲ.

ವಿಧಾನದ ಮಟ್ಟಿಗೆ ನಿಮ್ಮ ಯುವಕರ ಗುಂಪಿಗೆ ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಸಾಕು. 1925ರಲ್ಲಿ ಅವರು ರೂಪಿಸಿದ ಯುವ ಕ್ರೈಸ್ತ ಕಾರ್ಮಿಕರ ಚಳವಳಿ ಮೂರು ಹೆಜ್ಜೆಗಳ ಮೇಲೆ ನಡೆಯಿತು: ನೋಡು, ತೂಗು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ಇದನ್ನೇ ತಮ್ಮ ವಿಶ್ವಪತ್ರದಲ್ಲಿ ಎಲ್ಲರಿಗೂ ಶಿಫಾರಸು ಮಾಡಿದರು. ನೋಡುವ ಕೆಲಸವನ್ನು ಕಾರ್ಮಿಕರೇ ಮಾಡಬೇಕೆಂಬುದು ಕಾರ್ಡೈನ್‌ರ ಹಟವಾಗಿತ್ತು. ಯಾರೋ ಬಂದು ಅವರ ಬಗ್ಗೆ ವರದಿ ಬರೆದುಕೊಂಡು ಹೋಗುವುದು ಈ ವಿಧಾನವಲ್ಲ.

ಕೆಟ್ಟದ್ದಕ್ಕೂ ಉದಾಹರಣೆ ಬೇಕು. ಪಕ್ಕದ ಕೇರಳದಲ್ಲಿ ಫಾದರ್ ಜೋಸೆಫ್ ವಡಕ್ಕನ್ ಮಲೆನಾಡಿನ ರೈತರ ಪರ ಗಟ್ಟಿ ದನಿಯಾಗಿದ್ದರು. 1961ರಲ್ಲಿ ಒಕ್ಕಲೆಬ್ಬಿಸಿ ಅಮರಾವತಿಗೆ ತಂದುಬಿಟ್ಟ ಕುಟುಂಬಗಳಿಗಾಗಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಜೊತೆ ನಿಂತರು. ಅಲ್ಲಿಯವರೆಗೆ ಸರಿ. ಆಮೇಲೆ ಕರ್ಷಕ ತೊಳಿಲಾಳಿ ಪಾರ್ಟಿ ಎಂಬ ಪಕ್ಷ ಕಟ್ಟಿದರು. ಅದು 1967ರ ಸಮ್ಮಿಶ್ರ ಸರ್ಕಾರಕ್ಕೂ ಸೇರಿತು. ಅಧಿಕಾರದ ಜಗಳಗಳಲ್ಲಿ ಪಕ್ಷ ಕರಗಿಹೋಯಿತು, ಅವರನ್ನು ನಂಬಿದ್ದ ರೈತರ ಸಂಘಟನೆಯೂ ಬಡವಾಯಿತು. ಅದೇ ಕೇರಳದ ಮೀನುಗಾರರ ನಡುವೆ ದುಡಿದ ಫಾದರ್ ಥಾಮಸ್ ಕೊಚ್ಚೇರಿ ಉಪವಾಸ ಕೂತರು, ರಾಷ್ಟ್ರಮಟ್ಟದ ಮೀನುಗಾರರ ವೇದಿಕೆಯನ್ನೂ ಮುನ್ನಡೆಸಿದರು. 1988ರಿಂದ ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ (ಯಂತ್ರದ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಬರುವುದರ ಹಿಂದೆ ಆ ಹೋರಾಟವಿತ್ತು. ಅಲ್ಲಿ ಸಂಘಟನೆ ಎಲ್ಲ ಜಾತಿಧರ್ಮದ ಮೀನುಗಾರರದಾಗಿತ್ತು, ಪಕ್ಷದಿಂದ ದೂರವಿತ್ತು. ಹಾಗಾಗಿ ನಿಂತಿತು. ಗುರುವೊಬ್ಬರು ಮುಂದಾಳಾಗಿ ಗೆದ್ದ ಅಪರೂಪದ ಪ್ರಕರಣವಿದು. ಇದನ್ನೇ ಮಾದರಿಯಾಗಿ ಹಿಡಿಯುವುದು ಅಪಾಯ.

ಇನ್ನು ನಿಯಮ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 287ನೇ ವಿಧಿಯ ಮೊದಲ ಭಾಗ, ನ್ಯಾಯದ ಮೇಲೆ ನಿಂತ ಶಾಂತಿ ಸಾಮರಸ್ಯವನ್ನು ಗುರುಗಳು ಸದಾ ಬೆಳೆಸಬೇಕೆನ್ನುತ್ತದೆ. ಎರಡನೇ ಭಾಗ ರಾಜಕೀಯ ಪಕ್ಷಗಳಲ್ಲಿ ಮತ್ತು ಕಾರ್ಮಿಕ ಸಂಘಗಳ ಆಡಳಿತದಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬಾರದೆನ್ನುತ್ತದೆ. ಧರ್ಮಸಭೆಯ ಹಕ್ಕುಗಳ ರಕ್ಷಣೆಗೆ ಅಥವಾ ಸರ್ವರ ಹಿತಕ್ಕೆ ಅದು ಬೇಕೆಂದು ಮೇಲಧಿಕಾರಿ ತೀರ್ಮಾನಿಸಿದರೆ ಮಾತ್ರ ವಿನಾಯಿತಿ. 285ನೇ ವಿಧಿ ಸರ್ಕಾರಿ ಅಧಿಕಾರದ ಹುದ್ದೆಗಳನ್ನು ನಿಷೇಧಿಸುತ್ತದೆ. ನಿಷೇಧವಿರುವುದು ಸಂಘದ ಆಡಳಿತಕ್ಕೆ; ಸಂಘ ಕಟ್ಟಲು ಪ್ರೋತ್ಸಾಹಿಸುವುದಕ್ಕೆ, ಕಾನೂನು ತರಗತಿ ನಡೆಸುವುದಕ್ಕೆ, ಅರ್ಜಿ ಬರೆದುಕೊಡುವುದಕ್ಕೆ, ಮಾತುಕತೆಗೆ ಜಾಗ ಕೊಡುವುದಕ್ಕೆ ಯಾವ ತಡೆಯೂ ಇಲ್ಲ. ಭಕ್ತರಾದ ನಿಮಗಂತೂ ಈ ವಿಧಿ ಅನ್ವಯಿಸುವುದೇ ಇಲ್ಲ. ಯೂನಿಯನ್ ಕೆಲಸ ನಿಮ್ಮದು. ನೋಂದಣಿಗೆ ಅರ್ಜಿ ಹಾಕಲು ಕನಿಷ್ಠ 7 ಮಂದಿ ಬೇಕು. ಜೊತೆಗೆ ಆ ತೋಟದಲ್ಲಿ ಅಥವಾ ಆ ಉದ್ಯಮದಲ್ಲಿ ದುಡಿಯುವವರಲ್ಲಿ ಶೇ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು.

ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದು. ಧರ್ಮಕ್ಷೇತ್ರದ ಸಮಾಜಸೇವಾ ಸಂಸ್ಥೆ ಒಡಿಪಿ ಇದೆ. ಹೊಸದಾಗಿ ಏನನ್ನಾದರೂ ಶುರು ಮಾಡುವ ಮುನ್ನ ಅವರ ಜೊತೆ ಮಾತಾಡಿ. ತರಬೇತಿ, ಸ್ವಸಹಾಯ ಗುಂಪುಗಳ ಲೆಕ್ಕಪತ್ರದ ವಿಚಾರದಲ್ಲಿ ಅಂಥ ಸಂಸ್ಥೆಗೆ ಅನುಭವವಿರುತ್ತದೆ.

ಕೆಲಸದ ಮೊದಲ ಹಂತ ಕೂಲಿಯ ಪುಸ್ತಕ. ಒಂದು ಲೈನಿನ ಹತ್ತು ಹನ್ನೆರಡು ಮನೆಗಳನ್ನು ಆರಿಸಿಕೊಂಡು, ಪ್ರತಿ ಕಾರ್ಮಿಕರಿಗೂ 100 ಪುಟದ ಒಂದು ನೋಟ್‌ಬುಕ್ ಕೊಡಿ. ದಿನಾಂಕ, ಮಾಡಿದ ಕೆಲಸ, ಶುರು ಮತ್ತು ಮುಗಿದ ಹೊತ್ತು, ಕೊಯ್ದ ಕೆಜಿ, ಕೈಗೆ ಬಂದ ಹಣ, ಹಿಡಿದುಕೊಂಡ ಹಣ, ಇಷ್ಟೇ ಕಲಂ. ಓದು ಬಾರದವರಿಗೆ ಮನೆಯ ಮಗುವೋ ಪಕ್ಕದ ಮನೆಯವರೋ ಬರೆಯಲಿ. ಅವರ ಭಾಷೆಯಲ್ಲೇ ಬರೆಯಲಿ, ತಮಿಳಾದರೂ ಸರಿ, ಮಲಯಾಳವಾದರೂ ಸರಿ. ಅರೇಬಿಕಾ ಶುರುವಾಗುವ ನವೆಂಬರಿನಿಂದ ರೊಬಸ್ಟಾ ಮುಗಿಯುವ ಮಾರ್ಚಿನವರೆಗೆ ಒಂದು ಕೊಯ್ಲಿನ ಕಾಲ ಪೂರ್ತಿ ಬರೆಸಿ. ಈ ಪುಸ್ತಕ ಕಾರ್ಮಿಕರ ಮನೆಯಲ್ಲೇ ಇರಬೇಕು. ಫಾದರ್ ಬಂಗಲೆಯ ಬೀರುವಿಗೆ ಹೋಗಬಾರದು.

ಕೆಜಿ ಲೆಕ್ಕದ ಕೂಲಿಯಲ್ಲಿ ಮೋಸ ಕಾಣದಂತೆ ಅಡಗಿರುವ ಜಾಗ ಒಂದಿದೆ. ಉದಾಹರಣೆಗೆ ಕೆಜಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. ಹಣ್ಣು ತುಂಬಿದ ದಿನಗಳಲ್ಲಿ 120 ಕೆಜಿ ಕೊಯ್ದರೆ 600 ರೂಪಾಯಿ, ಚೆನ್ನಾಗಿಯೇ ಕಾಣುತ್ತದೆ. ಕೊನೆಯ ಸುತ್ತಿನಲ್ಲಿ, ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಉಳಿದಾಗ, ಇಡೀ ದಿನ ದುಡಿದರೂ 30 ಕೆಜಿ ದಾಟುವುದಿಲ್ಲ. ಕೈಗೆ ಬರುವುದು 150. ಕೆಜಿ ದರ ಏನೇ ಇರಲಿ, ಪೂರ್ತಿ ದಿನ ದುಡಿದವರಿಗೆ ಆ ದಿನದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ತಿಂಗಳ ಸರಾಸರಿ ನೋಡಿದರೆ ಇದು ಮುಚ್ಚಿಹೋಗುತ್ತದೆ, ದಿನದ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಎರಡನೆಯದು, ಗಂಡ ಹೆಂಡತಿ ಇಬ್ಬರೂ ಕೊಯ್ದದ್ದನ್ನು ಗಂಡನ ಹೆಸರಲ್ಲೇ ತೂಗಿ ಬರೆಯುವುದು. ಚೆಕ್‌ರೋಲಿನಲ್ಲಿ, ಅಂದರೆ ತೋಟದ ಹಾಜರಿ ಮತ್ತು ಕೂಲಿಯ ಪಟ್ಟಿಯಲ್ಲಿ, ಹೆಸರೇ ಇಲ್ಲದ ಹೆಂಗಸಿಗೆ ಪಿ.ಎಫ್. ಇಲ್ಲ, ರಜೆ ಇಲ್ಲ, ಹೆರಿಗೆ ಸೌಲಭ್ಯವೂ ಇಲ್ಲ. ಚೀಲದ ತೂಕ, ತೇವ ಎಂದು ಕಳೆಯುವ ಕೆಜಿಗಳನ್ನೂ ಬರೆಯಿಸಿ.

ಕನಿಷ್ಠ ಕೂಲಿಯೆಂದರೆ ಮೂಲವೇತನಕ್ಕೆ ತುಟ್ಟಿಭತ್ಯೆ ಸೇರಿದ್ದು. ರಾಜ್ಯದ ಕಾರ್ಮಿಕ ಇಲಾಖೆ ತುಟ್ಟಿಭತ್ಯೆಯನ್ನು ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಿಸುತ್ತದೆ. ಹಳೆಯ ವರ್ಷದ ಪಟ್ಟಿ ಹಿಡಿದು ವಾದಿಸಿದರೆ ಮೊದಲ ಸಭೆಯಲ್ಲೇ ಮಾನ ಹೋಗುತ್ತದೆ. ತೋಟದ ಕೆಲಸಕ್ಕೆ ಸಂಬಂಧಿಸಿದ ಆ ವರ್ಷದ ಅಧಿಸೂಚನೆಯನ್ನೇ ತೆಗೆದುಕೊಂಡು ಅದರ ಪ್ರತಿಯನ್ನು ಲೈನಿನಲ್ಲಿ ಅಂಟಿಸಿ.

ಕಾನೂನಿನ ಹೆಸರುಗಳು ಈಗ ಬದಲಾಗಿವೆ. 1951ರ ತೋಟ ಕಾರ್ಮಿಕರ ಕಾಯ್ದೆ 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಕಾರ್ಮಿಕರಿಗೆ ಕಡಿಮೆಯಿಲ್ಲದ ತೋಟಗಳಿಗೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆ ಅವುಗಳಲ್ಲಿ ಸೇರಿಹೋಯಿತು. ಅರ್ಜಿಯಲ್ಲಿ ಕೂಲಿಗೆ 2019ರ ವೇತನ ಸಂಹಿತೆ. ಮನೆ, ನೀರು, ಗಂಟೆ, ರಜೆಗೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ. ಅಪಘಾತ ಪರಿಹಾರ, ಪಿ.ಎಫ್., ಗ್ರಾಚ್ಯುಟಿಗೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಎಂದು ಬರೆಯಿರಿ. ವರ್ಷಕ್ಕೆ 180 ದಿನ ದುಡಿದವರಿಗೆ 20 ದಿನಕ್ಕೊಂದು ಸಂಬಳದ ರಜೆ ಸಿಗಬೇಕು. ಕೊಡಗಿನಲ್ಲಿ ಸುಮಾರು ಹನ್ನೆರಡು ಎಕರೆಗಿಂತ ಕಡಿಮೆಯ ಹಿಡುವಳಿಗಳು ಬಹಳ. ಅಲ್ಲಿ ಲೈನ್ ಮನೆ, ಶಿಶುವಿಹಾರದ ನಿಯಮಗಳು ಅನ್ವಯಿಸದಿರಬಹುದು, ಕನಿಷ್ಠ ಕೂಲಿ ಮಾತ್ರ ಒಂದೆಕರೆ ತೋಟಕ್ಕೂ ಅನ್ವಯಿಸುತ್ತದೆ. ವೇತನದ ಬಾಕಿಗೆ 3 ವರ್ಷದೊಳಗೆ ಅರ್ಜಿ ಹಾಕಬಹುದು, ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಆದ್ದರಿಂದಲೇ ಆ ನೋಟ್‌ಬುಕ್ಕಿಗೆ ಅಷ್ಟು ಬೆಲೆ.

ಅರ್ಜಿಗೆ ಮುಂಚೆ ಮಾತುಕತೆ. ಇಲ್ಲಿ ಫಾದರ್ ಮ್ಯಾನಿಂಗ್‌ರ ಪಾತ್ರ ವಹಿಸಬಹುದು. ಮಾಲೀಕರನ್ನು ಒಬ್ಬೊಬ್ಬರಾಗಿ ಮೊದಲು ಕಾಣಲಿ, ಪುಸ್ತಕದ ಮೊತ್ತಗಳನ್ನು ಹೆಸರಿಲ್ಲದೆ ತೋರಿಸಲಿ. ಆಮೇಲೆ ಕಾರ್ಮಿಕರಿಂದ ಮೂವರು, ಅವರಲ್ಲಿ ಒಬ್ಬ ಹೆಂಗಸಾದರೂ ಇರುವಂತೆ, ಮಾಲೀಕರ ಜೊತೆ ಕೂರಲಿ. ಜಾಗ ತೋಟದ ಆಫೀಸೂ ಬೇಡ, ಗುಡಿಯೊಳಗೂ ಬೇಡ. ಶಾಲೆಯ ಕೊಠಡಿ ಸಾಕು. ಒಪ್ಪಿದ್ದನ್ನು ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಲಿ. ಒಂದು ತಿಂಗಳಲ್ಲಿ ಬದಲಾಗದಿದ್ದರೆ ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಲಿಖಿತ ಅರ್ಜಿ, ಸ್ವೀಕೃತಿ ಮುದ್ರೆ ಸಹಿತ. ಮಾತುಕತೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ದೂರು ಕೊಟ್ಟವರ ಹೆಸರು ಮೊದಲೇ ಹೊರಬಿದ್ದು, ಮನೆ ಖಾಲಿ ಮಾಡಿ ಎನ್ನುವ ಮಾತು ಬರುತ್ತದೆ. ಲೈನ್ ಮನೆ ಮಾಲೀಕನದು, ಕೂಲಿಯೂ ಮಾಲೀಕನದು. ಎರಡೂ ಒಟ್ಟಿಗೆ ಹೋಗುವ ಹೆದರಿಕೆಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಒಂದು ಮನೆಯವರು ಒಂಟಿಯಾಗಿ ದೂರು ಕೊಡುವುದು ಬೇಡ, ಇಡೀ ಲೈನು ಸಹಿ ಹಾಕಲಿ.

ಮುಂಗಡದ ವಿಚಾರ ಬೇರೆ ತೂಕದ್ದು. ಮುಂಗಡ ಕೊಡುವುದು ತಪ್ಪಲ್ಲ. ಸಾಲ ತೀರುವ ತನಕ ಬೇರೆ ಕಡೆ ದುಡಿಯಬಾರದು, ಊರಿಗೆ ಹೋಗಬಾರದು, ಕಡಿಮೆ ಕೂಲಿಗೇ ದುಡಿಯಬೇಕು ಎಂದಾದಾಗ ಅದು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯ ಕೆಳಗೆ ಬರುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿಯ ಪ್ರಕಾರ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ (ಏಷ್ಯಾಡ್) ಪ್ರಕರಣದಲ್ಲಿ, ಹೇಳಿದೆ. ದೂರು ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ ಹೋಗಬೇಕು. ವಿಚಾರಣೆ ನಡೆದು ಬಿಡುಗಡೆ ಪತ್ರ ಸಿಕ್ಕರೆ ಹಳೆಯ ಸಾಲ ರದ್ದಾಗುತ್ತದೆ. 2016ರ ಕೇಂದ್ರ ಯೋಜನೆಯಲ್ಲಿ ಪುನರ್ವಸತಿ ನೆರವು ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ಪೂರ್ತಿ ಮೊತ್ತ ಬೇಗ ಕೈಗೆ ಬರುವುದಿಲ್ಲ, ಮೊಕದ್ದಮೆಯ ತೀರ್ಪಿಗೆ ಅದು ತಳುಕು ಹಾಕಿಕೊಂಡಿದೆ. ಇದನ್ನು ಕುಟುಂಬಕ್ಕೆ ಮುಂಚೆಯೇ ಹೇಳದಿದ್ದರೆ ಬಿಡುಗಡೆಯಾದ ಮೂರನೇ ತಿಂಗಳು ಅವರು ಇನ್ನೊಂದು ತೋಟದ ಮುಂಗಡಕ್ಕೆ ಕೈಯೊಡ್ಡಿರುತ್ತಾರೆ.

ಆದ್ದರಿಂದ ಹಾಫ್‌ಮನ್‌ರ ಎರಡನೇ ಹೆಜ್ಜೆ ಜೊತೆಗೇ ಬೇಕು. 15 ಮಂದಿ ಹೆಂಗಸರ ಒಂದು ಸ್ವಸಹಾಯ ಗುಂಪು ವಾರಕ್ಕೆ ತಲಾ 100 ರೂಪಾಯಿ ಉಳಿಸಿದರೆ ವರ್ಷಕ್ಕೆ 78,000 ರೂಪಾಯಿ. ಆಸ್ಪತ್ರೆಗೆ, ಶಾಲೆಯ ಖರ್ಚಿಗೆ ಇಬ್ಬರು ಮೂವರಿಗೆ ಇದು ಸಾಕು. ಆರು ತಿಂಗಳು ಸಭೆ, ಉಳಿತಾಯ, ಮರುಪಾವತಿ, ಲೆಕ್ಕ ಸರಿಯಾಗಿ ನಡೆದ ಮೇಲೆ ಬ್ಯಾಂಕ್ ಸಾಲವೂ ಸಿಗುತ್ತದೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಹಣವೂ ಕಡಿಮೆ. ಗುಂಪುಗಳು ಒಡೆಯುವುದು ಜುಲೈ ಆಗಸ್ಟಿನಲ್ಲೇ. ಆ ತಿಂಗಳುಗಳಿಗೆ ವಾರದ ಮೊತ್ತವನ್ನು 20 ರೂಪಾಯಿಗೆ ಇಳಿಸುವ ನಿಯಮವನ್ನು ಮೊದಲೇ ಬರೆದಿಡಿ. ಹಾಗೆ ಮಾಡಿದರೆ ವರ್ಷದ ಮೊತ್ತ ಸ್ವಲ್ಪ ಇಳಿಯುತ್ತದೆ, ಗುಂಪು ಉಳಿಯುತ್ತದೆ.

ನಿಮ್ಮ ಧರ್ಮಕೇಂದ್ರದ ಹೊರಗಿನವರನ್ನು ಮರೆಯಬೇಡಿ. ತೋಟಗಳಲ್ಲಿ ದುಡಿಯುವ ಎರವರು, ಜೇನುಕುರುಬರು, ಬೆಟ್ಟಕುರುಬರು, ಅಸ್ಸಾಂ ಬಂಗಾಳದಿಂದ ಬಂದವರು ಬಹುಪಾಲು ಕ್ರೈಸ್ತರಲ್ಲ, ಆಗಬೇಕಾಗಿಯೂ ಇಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಲೈನ್ ಮನೆ ಬಿಟ್ಟು ಬಂದ ಆದಿವಾಸಿಗಳು ಬಹಳ ಇದ್ದರು. ತೋಟ ಬಿಟ್ಟರೆ ನಿಲ್ಲಲು ನೆಲವಿಲ್ಲದಿರುವುದೇ ಅವರ ಕೂಲಿ ಏರದಿರುವುದಕ್ಕೂ ಕಾರಣ. ಹಾಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗೆ ನೆರವಾಗುವುದೂ ಕಾರ್ಮಿಕರ ಕೆಲಸವೇ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯಭೂಮಿ ಅನುಭವದಲ್ಲಿದ್ದ ಪರಿಶಿಷ್ಟ ಪಂಗಡದವರು ಗ್ರಾಮಸಭೆಯ ಮೂಲಕ, ಕನಿಷ್ಠ ಎರಡು ಬಗೆಯ ಸಾಕ್ಷ್ಯದೊಂದಿಗೆ, ಗರಿಷ್ಠ 4 ಹೆಕ್ಟೇರಿನವರೆಗೆ ಕೇಳಬಹುದು. ಈ ಯಾವ ನೆರವಿಗೂ ಪ್ರಾರ್ಥನೆಯನ್ನು ಬೆರೆಸಬೇಡಿ. ಲೀವನ್ಸ್‌ರ ಕಾಲದ ಟೀಕೆ ನೆನಪಿರಲಿ. ಸಮೀಕ್ಷೆಯ ನೋಟ್‌ಬುಕ್ಕಿನ ಮೇಲೆ ಶಿಲುಬೆ ಬೇಡ, ಸಭೆಯನ್ನು ಜಪಮಾಲೆಯಿಂದ ಶುರು ಮಾಡುವುದೂ ಬೇಡ. ನಂಬಿಕೆ ಒಮ್ಮೆ ಮುರಿದರೆ ಲೆಕ್ಕದ ಪುಸ್ತಕವನ್ನೂ ಯಾರೂ ನಂಬುವುದಿಲ್ಲ.

ಆನೆಯ ವಿಷಯ ಒಂದೇ ಮಾತಿನಲ್ಲಿ: ತೋಟದಲ್ಲಿ ಕೆಲಸದ ಹೊತ್ತಿನಲ್ಲಿ ಆನೆ ದಾಳಿಯಿಂದ ಸತ್ತವರ ಕುಟುಂಬಕ್ಕೆ ಅರಣ್ಯ ಇಲಾಖೆಯ ಪರಿಹಾರ ಬೇರೆ, ಮಾಲೀಕನಿಂದ ಬರಬೇಕಾದ ಉದ್ಯೋಗ ಅಪಘಾತದ ಪರಿಹಾರ ಬೇರೆ. ಮೊದಲನೆಯದು ಬಂತೆಂದು ಎರಡನೆಯದನ್ನು ಕೇಳದೆ ಬಿಡುವವರೇ ಹೆಚ್ಚು.

ಇಷ್ಟೆಲ್ಲಕ್ಕೂ ಮುಂಚೆ ಫಾದರ್ ತಮ್ಮ ಮನೆಯ ಲೆಕ್ಕ ತೆಗೆಯಬೇಕು. ಅಡುಗೆಯವರು, ಗುಡಿಯ ಕೆಲಸದವರು, ಶಾಲೆಯ ಆಯಾ, ಧರ್ಮಕೇಂದ್ರಕ್ಕೋ ಕಾನ್ವೆಂಟಿಗೋ ತೋಟವಿದ್ದರೆ ಅಲ್ಲಿನ ಆಳುಗಳು, ಇವರಿಗೆ ಏನು ಸಿಗುತ್ತಿದೆ? ಧರ್ಮಸಭೆಯ ಕಾನೂನು ಸಂಹಿತೆಯ 1286ನೇ ವಿಧಿ, ಧರ್ಮಸಭೆಯ ಆಸ್ತಿ ನೋಡಿಕೊಳ್ಳುವವರು ನಾಡಿನ ಕಾರ್ಮಿಕ ಕಾನೂನನ್ನು ಪೂರ್ತಿ ಪಾಲಿಸಬೇಕು, ನ್ಯಾಯದ ಕೂಲಿ ಕೊಡಬೇಕು ಎಂದು ಆಜ್ಞೆಯಾಗಿಯೇ ಹೇಳುತ್ತದೆ. "ಇದು ಸೇವೆ" ಎಂಬ ಹೆಸರಿನಲ್ಲಿ ಕಡಿಮೆ ಕೊಡಲು ಅವಕಾಶವಿಲ್ಲ. ಮಾಲೀಕರು ಮೊದಲು ಕೇಳುವ ಪ್ರಶ್ನೆಯೂ ಇದೇ, ಕೇಳುವ ಹಕ್ಕೂ ಅವರಿಗಿದೆ.

ಮಾಲೀಕರನ್ನು ವೈರಿಗಳೆಂದು ಪೀಠದಿಂದ ಬೈಯುವುದು ಸುಲಭ, ನಿಷ್ಪ್ರಯೋಜಕವೂ ಹೌದು. ಸಣ್ಣ ಬೆಳೆಗಾರನಿಗೆ ಕಾಫಿ ದರ ಕುಸಿದ ವರ್ಷ ಗೊಬ್ಬರದ ಸಾಲವೇ ತೀರಿರುವುದಿಲ್ಲ. ಅವನ ಜೊತೆ ಕೂತು, ಕೂಲಿಯನ್ನು ಖರ್ಚಿನ ಪಟ್ಟಿಯ ಕೊನೆಯಲ್ಲಿ ಇಡುವ ಬದಲು ಮೊದಲಲ್ಲಿ ಇಟ್ಟರೆ ಲೆಕ್ಕ ಹೇಗಾಗುತ್ತದೆ ಎಂದು ನೋಡುವುದು ಫಾದರ್ ಮಾತ್ರ ಮಾಡಬಹುದಾದ ಕೆಲಸ, ಯಾಕೆಂದರೆ ಅವರಿಗೆ ಎರಡೂ ಮನೆಯ ಬಾಗಿಲು ತೆರೆದಿರುತ್ತದೆ. ಪ್ರಬೋಧನೆಗೆ ಮೇ 1 ಒಳ್ಳೆಯ ದಿನ. 1955ರಲ್ಲಿ ಪೋಪ್ 12ನೇ ಪಿಯುಸ್ ಅದನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಘೋಷಿಸಿದರು. ಸಂತ ಯಾಕೋಬರ ಪತ್ರದ 5ನೇ ಅಧ್ಯಾಯ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುವ ಭಾಗ, ಅಂದು ಓದಲಿ. ಯಾವ ತೋಟದ ಹೆಸರೂ ಬೇಡ, ಆ ವರ್ಷದ ಕನಿಷ್ಠ ಕೂಲಿಯ ಅಂಕಿ ಮಾತ್ರ ಹೇಳಲಿ.

ಕೊನೆಯದಾಗಿ ವರ್ಗಾವಣೆ. ಇಂಥ ಕೆಲಸ ನಿಂತುಹೋಗಲು ಮಾಲೀಕರ ವಿರೋಧಕ್ಕಿಂತ ದೊಡ್ಡ ಕಾರಣ ಇದು. ಕೆಲವು ವರ್ಷಕ್ಕೊಮ್ಮೆ ಫಾದರ್ ಬದಲಾಗುತ್ತಾರೆ, ಬಂದವರಿಗೆ ಈ ವಿಷಯದಲ್ಲಿ ಆಸಕ್ತಿ ಇರಲೇಬೇಕೆಂದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಗುಂಪಿನ ಬ್ಯಾಂಕ್ ಖಾತೆಗೆ ಇಬ್ಬರು ಕಾರ್ಮಿಕರ ಸಹಿ ಇರಲಿ, ಫಾದರ್ ಸಹಿ ಬೇಡ. ಅರ್ಜಿಗಳ ಪ್ರತಿ, ಸ್ವೀಕೃತಿ, ಒಪ್ಪಂದದ ಕಾಗದ ಎಲ್ಲದರ ಒಂದು ಕಡತ ಲೈನಿನಲ್ಲೇ ಇರಲಿ, ಇನ್ನೊಂದು ಪ್ರತಿ ನಿಮ್ಮ ಗುಂಪಿನವರಲ್ಲಿ. ಕಾರ್ಮಿಕ ಇಲಾಖೆಯ ವಿಚಾರಣೆಗೆ ಮೊದಲ ಸಲ ಫಾದರ್ ಜೊತೆಗೆ ಹೋಗಿ ಪಕ್ಕದಲ್ಲಿ ಕೂರಬಹುದು. ಎರಡನೇ ಸಲದಿಂದ ಕಾರ್ಮಿಕರ ಪ್ರತಿನಿಧಿಗಳೇ ಹೋಗಲಿ. ಬರುವ ನವೆಂಬರಿಗೆ ಮುಂಚೆ ನೋಟ್‌ಬುಕ್ ಹಂಚಿ, ಏಪ್ರಿಲಿನಲ್ಲಿ ಹೊಸ ತುಟ್ಟಿಭತ್ಯೆಯ ಅಧಿಸೂಚನೆ ಬಂದಾಗ ಮೊತ್ತ ಕೂಡಿಸಿ, ಮೇ ತಿಂಗಳಲ್ಲಿ ಮಾಲೀಕರ ಜೊತೆ ಮಾತಿಗೆ ಕೂರಿ. ಮುಂದಿನ ಕೊಯ್ಲಿನ ದರ ಇನ್ನೂ ನಿಗದಿಯಾಗಿರುವುದಿಲ್ಲ, ಮಾತಾಡಲು ಅದೇ ಸರಿಯಾದ ಸಮಯ.